ತಳದ ಒಂದು ಹಿಡಿ ಮರಳು

ನಾನು ಮುಳುಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ತನಕ ನಮ್ಮನ್ನು ಬಲ್ಲವರೆಲ್ಲ ನಾನು ಅಂಡಮಾನಿನ ಸಮುದ್ರದಲ್ಲಿ ಮುಳುಗುತ್ತಿದ್ದೆ, ನನ್ನ ಗಂಡ ಜಗ್ಗಿ ತೆಗೆದರು ಎಂದೇ ನಂಬಿದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಾಗಲಿ, ಅಂಗಡಿಯಲ್ಲಿ ಚಹಾ ಬಂದಾಗಾಗಲಿ, ಯಾರಾದರೂ ಪ್ರವಾಸದ ಮಾತು ತೆಗೆದರೆ ಸಾಕು, ಇವರು ಶುರು ಮಾಡುತ್ತಾರೆ. "ನಮ್ಮಾಕಿ ಆವತ್ತ ಹೋಗೇ ಬಿಡತಿದ್ಲು ನೋಡ್ರಿ. ಕೈ ಮ್ಯಾಲ ಮಾಡಿದ್ಲು. ನಾನಽ ಹಿಡದು ಜಗ್ಗಿ ತಗದೆ." ಕೇಳಿದವರು ನನ್ನ ಕಡೆ ನೋಡಿ ಕರುಣೆಯಿಂದ ತಲೆಯಾಡಿಸುತ್ತಾರೆ. ಒಬ್ಬಳಂತೂ ನನ್ನ ಗದ್ದ ಹಿಡಿದು, "ಪುಣ್ಯಾ ಮಾಡೀದಿ ಯವ್ವಾ, ಇಂಥಾ ಗಂಡ ಸಿಕ್ಕಾನ" ಎಂದಳು. ನನಗೆ ಮೈಯೆಲ್ಲ ಉರಿಯಿತು.

ನನಗೆ ಈಜು ಬರುತ್ತದೆ. ಬರೀ ಬರುತ್ತದೆ ಎಂದರೆ ಸಾಲದು, ಚೆನ್ನಾಗಿ ಬರುತ್ತದೆ. ನನ್ನ ತವರು ನಿಡೋಣಿ. ಅಲ್ಲಿ ನಮ್ಮ ಹೊಲದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿ ಇತ್ತು, ಈಗಲೂ ಇದೆ. ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ನಮ್ಮ ಕಾಕಾ ನನ್ನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ, ಹೇಳದೆ ಕೇಳದೆ ದೂಡಿಬಿಟ್ಟರು. ಅಪ್ಪ ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದು ಕೂತಿರುತ್ತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ, ನೀರಿಗೆ ಕಾಲಿಡುವುದಕ್ಕೂ ಹೆದರುತ್ತಿದ್ದ. ಆದರೆ ಮಗಳನ್ನು ತಡೆಯಲಿಲ್ಲ, ಅದೇ ದೊಡ್ಡದು. ಒಂದು ಬೇಸಿಗೆ ಮುಗಿಯುವುದರೊಳಗೆ ಬುರುಡೆ ಬಿಚ್ಚಿಟ್ಟೆ.

ನಮ್ಮ ಬಾವಿಗೆ ಒಂದು ಕಾಯಿದೆ ಇತ್ತು. ತಳ ಮುಟ್ಟಿ ಬಂದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ತಳದ ಕೆಸರನ್ನು ಹಿಡಿಯಲ್ಲಿ ತುಂಬಿಕೊಂಡು, ಮೇಲೆ ಬರುವಾಗ ತಲೆಗಿಂತ ಮೊದಲು ಕೈ ಬರಬೇಕು, ಮುಷ್ಟಿ ಮೇಲೆತ್ತಿ ಕಟ್ಟೆಯ ಮೇಲಿದ್ದವರಿಗೆ ತೋರಿಸಬೇಕು. ಕೆಸರು ಕಂಡರೆ ಮುಟ್ಟಿದ ಹಾಗೆ, ಇಲ್ಲದಿದ್ದರೆ ಸುಳ್ಳು. ಕಾಕಾ ತೀರಿಕೊಂಡ ಮೇಲೆ ನನ್ನ ತಮ್ಮನಿಗೆ ಬುರುಡೆ ಕಟ್ಟಿ ಈಜು ಕಲಿಸಿದವಳು ನಾನು. ಅವನು ಮಹಾ ಪುಕ್ಕಲ. ಅರ್ಧ ನೀರಿನಿಂದಲೇ ತಿರುಗಿ ಬಂದು "ಮುಟ್ಟೇನಿ ಅಕ್ಕಾ, ಖರೇನ ಮುಟ್ಟೇನಿ" ಎಂದು ಆಣೆ ಹಾಕುತ್ತಿದ್ದ. ನಾನು ಅಂಗೈ ಚಾಚಿ, "ಕೆಸರ ಎಲ್ಲೈತೋ, ತೋರಸು" ಎನ್ನುತ್ತಿದ್ದೆ. ಕೊನೆಗೆ ನಾನೇ ಅವನ ಕೈ ಹಿಡಿದು ತಳದ ತನಕ ಕರೆದುಕೊಂಡು ಹೋದೆ.

ನಾನು ದೊಡ್ಡವಳಾದೆ, ನನಗೆ ಬಾವಿ ಬಂದ್ ಆಯಿತು. ತಮ್ಮ ಮಾತ್ರ ಧುಮುಕುತ್ತಿದ್ದ, ನಾನು ಕಟ್ಟೆಯ ಮೇಲೆ ಅವನ ಅರಿವೆ ಹಿಡಿದು ನಿಲ್ಲುತ್ತಿದ್ದೆ. ಮದುವೆ ಗೊತ್ತಾದಾಗ ಅವ್ವ ಒಂದು ಬುದ್ಧಿ ಹೇಳಿ ಕಳಿಸಿದಳು: "ಆ ಮನ್ಯಾಗ ಬಾವಿ ಮಾತು ತಗೀಬ್ಯಾಡ." ನಮ್ಮ ಕಡೆ ಸೊಸೆಯ ಬಾಯಲ್ಲಿ ಬಾವಿ ಎಂಬ ಮಾತು ಬಂದರೆ ಅತ್ತೆಯ ಎದೆ ಹೊಡೆದುಕೊಳ್ಳುತ್ತದೆ. ಸೊಸೆ ಬಾವಿಯನ್ನು ನೆನೆಸುವುದು ಒಂದೇ ಕಾರಣಕ್ಕೆ ಎಂದು ಎಲ್ಲರ ಲೆಕ್ಕ. ಆದರೂ ಹೊಸದರಲ್ಲಿ ಒಮ್ಮೆ ತಡೆಯಲಾರದೆ ಇವರಿಗೆ ಹೇಳಿದೆ, ನನಗೆ ಈಜಲು ಬರುತ್ತದೆ ಎಂದು. ಇವರು ನಕ್ಕರು. "ಹೌದೌದು, ಇಮಾನಾನೂ ಹಾರಸ್ತಿದ್ದೇನು ನಿಡೋಣ್ಯಾಗ?" ಎಂದರು. ಆಮೇಲೆ ಮಕ್ಕಳಾದರು, ತಿಕೋಟಾದಲ್ಲಿ ದ್ರಾಕ್ಷಿ ತೋಟವಾಯಿತು, ಗೊಬ್ಬರ-ಔಷಧದ ಅಂಗಡಿಯಾಯಿತು, ವಿಜಯಪುರದಲ್ಲಿ ಮನೆ ಕಟ್ಟಿಸಿದೆವು. ಆ ಮಾತು ಮತ್ತೆ ಬರಲಿಲ್ಲ. ನನ್ನೊಳಗೆ ಮಾತ್ರ ಇತ್ತು. ಒಂದೇ ಒಂದು ಸಲ ಈ ಮನುಷ್ಯ ನಾನು ಈಜುವುದನ್ನು ಕಣ್ಣಾರೆ ನೋಡಬೇಕು. ಇದಕ್ಕಿಂತ ಹೆಚ್ಚಿನ ಆಸೆ ಏನೂ ಇರಲಿಲ್ಲ.

ಔಷಧ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಹೆಂಡಂದಿರ ಸಮೇತ ಪ್ರವಾಸಕ್ಕೆ ಕರೆದೊಯ್ಯುವುದು ಈಗ ನಮ್ಮ ಕಡೆ ರೂಢಿ. ಆ ವರ್ಷ ಅಂಡಮಾನ್ ಎಂದರು. ಸಮುದ್ರದೊಳಗೆ ಇಳಿಸಿ ಮೀನು ತೋರಿಸುತ್ತಾರಂತೆ, ಅದಕ್ಕೆ ಸ್ನಾರ್ಕ್ಲಿಂಗ್ ಎನ್ನುತ್ತಾರಂತೆ ಎಂದು ಇವರು ಫೋನಿನಲ್ಲಿ ಚಿತ್ರ ತೋರಿಸಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಅಲ್ಲೇ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾಯಿತು.

ಹೈದರಾಬಾದಿನ ತನಕ ಬಸ್ಸು, ಅಲ್ಲಿಂದ ವಿಮಾನ, ಆಮೇಲೆ ಹಡಗು. ಕಂಪನಿಯವರು ಎಲ್ಲರಿಗೂ ಒಂದೇ ನಮೂನೆಯ ಟೀ ಶರ್ಟು ಹಂಚಿದ್ದರು. ಬೆನ್ನ ಮೇಲೆ ದ್ರಾಕ್ಷಿಯ ಹಿಟ್ಟು ತಿಗಣೆ ಕೊಲ್ಲುವ ಔಷಧದ ಜಾಹೀರಾತು, ಸತ್ತು ಅಂಗಾತ ಬಿದ್ದ ಒಂದು ಹುಳದ ಚಿತ್ರ. ಹೆಂಗಸರು ಅದನ್ನು ಚೂಡಿದಾರದ ಮೇಲೆ ಹಾಕಿಕೊಂಡೆವು. ನಮ್ಮ ಹಿಂಡು ನೋಡಿ ಬೇರೆ ಪ್ರವಾಸಿಗರು ದಾರಿ ಬಿಡುತ್ತಿದ್ದರು.

ಬೆಳಿಗ್ಗೆ ಮೋಟಾರು ದೋಣಿಯಲ್ಲಿ ಹೊರಟೆವು. ದಡದ ಮರಗಳು ಬೇರುಗಳನ್ನು ನೀರಿನ ಮೇಲೆ ಎತ್ತಿ ಹಿಡಿದು ನಿಂತಿದ್ದವು. ಬಿಳಿ ಹೊಟ್ಟೆಯ ದೊಡ್ಡ ಗಿಡುಗವೊಂದು ನಮ್ಮ ಕಣ್ಣೆದುರೇ ನೀರಿಗೆ ಎರಗಿ ಮೀನು ಎತ್ತಿಕೊಂಡು ಹೋಯಿತು. ನಡುವೆ ಒಂದು ನಡುಗಡ್ಡೆಯಲ್ಲಿ ಇಳಿಸಿದರು. ಅಲ್ಲಿ ಚುಕ್ಕೆ ಜಿಂಕೆಗಳು ಮನುಷ್ಯರಿಗೆ ಹೆದರುತ್ತಿರಲಿಲ್ಲ. ಬಬಲೇಶ್ವರದ ಅಂಗಡಿಯವರು ಚೀಲದಿಂದ ಖಡಕ್ ರೊಟ್ಟಿ ತೆಗೆದು ಒಂದಕ್ಕೆ ತಿನ್ನಿಸಲು ಹೋದರು, ನಮ್ಮ ಜೊತೆ ಬಂದ ಗೈಡು ಬೈದ. "ನಮ್ಮ ಜ್ವಾಳದ ರೊಟ್ಟಿ ತಿಂದು ಯಾವ ದನಾ ಸತ್ತೈತೋ ತಮ್ಮಾ" ಎಂದು ಅವರು ಕನ್ನಡದಲ್ಲೇ ವಾದಿಸಿದರು. ಮರಳ ಮೇಲೆ ಶಂಖದ ಚಿಪ್ಪುಗಳು ತಾವೇ ನಡೆಯುತ್ತಿದ್ದವು. ಬಗ್ಗಿ ನೋಡಿದರೆ ಒಳಗೆ ಏಡಿಮರಿ. ಬೇರೆಯವರ ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಜೀವ. ಅವು ಎಲ್ಲರಿಗೂ ತಮಾಷೆಯಾಗಿ ಕಂಡವು. ನನಗೆ ಸಮುದ್ರದ ಮೇಲೇ ಕಣ್ಣು.

ಹವಳದ ಜಾಗ ಬಂತು. ದೋಣಿಗೆ ಲಂಗರು ಹಾಕಿದರು. ಗೈಡು ಹಿಂದಿಯಲ್ಲಿ ಹೇಳಿದ್ದು ನಮಗೆ ಊರ ಬಜಾರದ ಉರ್ದುವಿನ ಬಲದಿಂದ ಅರ್ಥವಾಯಿತು. ಹವಳ ಮುಟ್ಟಬಾರದು, ಏನನ್ನೂ ಎತ್ತಿಕೊಳ್ಳಬಾರದು, ಮೂಗು ಮುಚ್ಚುವ ಕನ್ನಡಕ ಹಾಕಿಕೊಂಡು ಬಾಯಿಯ ಕೊಳವೆಯಿಂದ ಉಸಿರಾಡಬೇಕು, ತೇಲುವ ಜಾಕೀಟು ಬಿಚ್ಚಬಾರದು, ತ್ರಾಸಾದರೆ ಒಂದು ಕೈ ನೆಟ್ಟಗೆ ಮೇಲೆತ್ತಬೇಕು. ಕೊನೆಯ ಮಾತನ್ನು ಅವನು ಎರಡು ಸಲ ಹೇಳಿದ. ನಾನು ಕೇಳಿಸಿಕೊಂಡೆ.

ಮೊದಲು ಗಂಡಸರು. ಹೆಂಗಸರಿಗೆ ಚೀಲ, ಚಪ್ಪಲಿ, ಫೋನು ಕಾಯುವ ಕೆಲಸ. ಅದನ್ನು ಯಾರೂ ಹಚ್ಚಲಿಲ್ಲ, ತಾನಾಗಿಯೇ ನಮ್ಮ ತೊಡೆಗೆ ಬಂದು ಬಿತ್ತು. ಇವರು ಇಳಿದರು. ಗೈಡು ಗಾಳಿ ತುಂಬಿದ ಟ್ಯೂಬಿಗೆ ನೇತುಹಾಕಿ ಎಳೆದುಕೊಂಡು ಹೋದ. ಇವರು ಆ ಟ್ಯೂಬನ್ನು ಹಿಡಿದಿದ್ದ ರೀತಿ ನೋಡಿದರೆ ಮೀನು ನೋಡಲು ಹೋದವರ ಹಾಗೆ ಇರಲಿಲ್ಲ. ತುಸು ಹೊತ್ತಿಗೆ ಉಪ್ಪು ನೀರು ಕುಡಿದು, ಕೆಮ್ಮಿ, ಕಣ್ಣು ಕೆಂಪಗೆ ಮಾಡಿಕೊಂಡು ಮೇಲೆ ಬಂದರು. "ಚಷ್ಮಾನಽ ಸರಿ ಇಲ್ಲ, ಹೊಗಿ ಹಿಡಿತೈತಿ. ಎಲ್ಲಾ ಲೋಕಲ್ ಮಾಲು" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಗೈಡು ಹೆಂಗಸರ ಕಡೆ ನೋಡಿ, ಯಾರಾದರೂ ಬರುತ್ತೀರಾ ಎಂದ. ನಾನು ಎದ್ದು ನಿಂತೆ.

"ನೀ ಬ್ಯಾಡ. ಥಂಡಿ ಆಗತೈತಿ ನಿನಗ" ಎಂದರು ಇವರು.

"ಬಿಸಲಾಗ ತಲಿ ಸುಡಾಕತ್ತೈತ್ರಿ. ಥಂಡಿ ಎಲ್ಲೈತಿ?"

"ಹೇಳಿದ್ದ ಕೇಳು. ಮಂದಿ ಮುಂದ ಫಜೀತಿ ಮಾಡಬ್ಯಾಡ."

ಅವರ ಅಂಜಿಕೆ ನನಗೆ ತಿಳಿಯಿತು. ತಾವು ಕೆಮ್ಮಿ ಎದ್ದುಬಂದ ನೀರಿನಲ್ಲಿ ಹೆಂಡತಿ ನೆಟ್ಟಗೆ ತೇಲಿದರೆ ಉಳಿದವರು ಏನೆಂದಾರು? ಬಬಲೇಶ್ವರದವರ ಹೆಂಡತಿ ನನ್ನ ಪರವಾಗಿ, "ಹೋಗ್ಲಿ ಬಿಡ್ರಿ, ನಾನೂ ಇಳೀತೀನಿ ಆಕಿ ಜೋಡಿ" ಎಂದಳು. ಎಲ್ಲರೆದುರು ಇವರು ಮತ್ತೆ ಬೇಡ ಎನ್ನಲಿಲ್ಲ. ಚೀಲ ಇವರ ತೊಡೆಗೆ ಇಟ್ಟು ನಾನು ಮೆಟ್ಟಿಲು ಇಳಿದೆ. "ಇಲ್ಲೇ ನೋಡ್ರಿ ಮತ್ತ" ಎಂದು ಹೇಳಿಯೇ ಇಳಿದೆ.

ಇಷ್ಟು ವರ್ಷದ ಮೇಲೆ ಮೈ ನೀರಿಗೆ ಬಿದ್ದಿತು. ಕಾಲು ಮರೆತಿರಲಿಲ್ಲ. ಕೊಳವೆಯ ಉಸಿರು ಒಂದೆರಡು ಸಲ ತೊಡಕಾಯಿತು, ಆಮೇಲೆ ಸರಿಹೋಯಿತು. ಮುಖ ನೀರಿಗೆ ಇಟ್ಟೆ. ನಮ್ಮ ಬಾವಿಯ ನೀರು ಹಸಿರು, ಒಂದಾಳು ಕೆಳಗೆ ಹೋದರೆ ಕತ್ತಲು, ಕೈಯಿಂದ ತಡವಿಯೇ ತಳ ಗೊತ್ತಾಗಬೇಕು. ಇಲ್ಲಿ ಬಿಸಿಲು ತಳದ ತನಕ ಇಳಿದಿತ್ತು. ಕಲ್ಲಿನ ಗಿಡಗಳ ಹಾಗೆ ಹವಳ, ಅದರ ಸಂದಿಯಲ್ಲಿ ಕೇಸರಿ ಬಣ್ಣದ ಪುಟ್ಟ ಮೀನುಗಳು, ಬಿಳಿ ಪಟ್ಟೆ ಕಟ್ಟಿದವು. ತುಟಿಯಂತೆ ಬಾಯಿ ತೆರೆದು ಮುಚ್ಚುವ ನೀಲಿ ಚಿಪ್ಪು. ಹಸಿರು ಮೀನೊಂದು ಹವಳವನ್ನು ಕಡಿದು ತಿನ್ನುತ್ತಿತ್ತು, ಕರಂ ಕರಂ ಎಂಬ ಸಪ್ಪಳ ನನ್ನ ಕಿವಿಗೇ ಕೇಳುತ್ತಿತ್ತು. ಹುಳ ಕೊಲ್ಲುವ ಔಷಧದ ಅಂಗಿ ಹಾಕಿಕೊಂಡು ನಾನು ಇವನ್ನೆಲ್ಲ ನೋಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಕನ್ನಡಕದ ಒಳಗೆ ಅಳುವುದು ಬಹಳ ತ್ರಾಸು, ಒರೆಸಿಕೊಳ್ಳಲು ಬರುವುದಿಲ್ಲ.

ಆಗ ಆಮೆ ಬಂತು. ನಮ್ಮ ಕಡೆ ಹಿಟ್ಟು ನಾದುವ ಪರಾತದಷ್ಟು ದೊಡ್ಡದು. ನನ್ನನ್ನು ಲೆಕ್ಕಕ್ಕೇ ಇಡದೆ ಪಕ್ಕದಲ್ಲೇ ಮೇಲೆ ಬಂದು ಒಂದು ಉಸಿರು ತೆಗೆದುಕೊಂಡು, ಓರೆಯಾಗಿ ಕೆಳಗೆ ಇಳಿಯತೊಡಗಿತು. ಹವಳ ಮುಗಿದು ಬರೀ ಮರಳಿದ್ದ ಕಡೆಗೆ ಅದು ಹೋಗುತ್ತಿತ್ತು. ಗೈಡು ಬಬಲೇಶ್ವರದವರ ಹೆಂಡತಿಯ ಕೊಳವೆ ಸರಿ ಮಾಡುತ್ತ ಆ ಕಡೆ ತಿರುಗಿದ್ದ. ಜಾಕೀಟು ನನ್ನನ್ನು ಮೇಲಕ್ಕೇ ಎತ್ತಿ ಹಿಡಿದಿತ್ತು. ಬಿಚ್ಚಬಾರದು ಎಂದು ಗೊತ್ತಿತ್ತು. ಬಿಚ್ಚಿದೆ, ಪಕ್ಕದಲ್ಲಿ ತೇಲುತ್ತಿದ್ದ ಟ್ಯೂಬಿಗೆ ಸಿಗಿಸಿದೆ, ಕೊಳವೆ ಬಾಯಿಂದ ತೆಗೆದೆ, ಉಸಿರು ಕಟ್ಟಿ ತಲೆ ಕೆಳಗೆ ಮಾಡಿದೆ.

ನಮ್ಮ ಬಾವಿಯ ಅರ್ಧದಷ್ಟೂ ಆಳವಿರಲಿಲ್ಲ. ಕಿವಿ ಒತ್ತಿತು, ಹಳೆಯ ಒತ್ತು, ಗುರುತಿನ ಒತ್ತು. ಆಮೆ ಮುಂದೆ, ನಾನು ಹಿಂದೆ. ಅದು ತನ್ನ ದಾರಿ ಹಿಡಿಯಿತು, ನಾನು ತಳ ಮುಟ್ಟಿದೆ. ತಳ ಮುಟ್ಟಿದ ಮೇಲೆ ಕೈ ಸುಮ್ಮನಿರಲಿಲ್ಲ, ಒಂದು ಹಿಡಿ ಮರಳು ತುಂಬಿಕೊಂಡಿತು. ಕಾಲಿನಿಂದ ಒದ್ದು ಮೇಲೆ ಬಂದೆ. ತಲೆಗಿಂತ ಮೊದಲು ಕೈ ಬಂತು. ಮುಷ್ಟಿ ನೆಟ್ಟಗೆ ಮೇಲೆತ್ತಿ, ದೋಣಿಯ ಕಡೆ ತಿರುಗಿ, ಇವರನ್ನು ಹುಡುಕಿದೆ. ನೋಡ್ರಿ ಎನ್ನಬೇಕು ಎಂದಿದ್ದೆ.

ಸೀಟಿ ಕೇಳಿತು. ಗೈಡು ಕೂಗಿದ. ದೋಣಿಯ ಮೇಲಿನ ಹೆಂಗಸರೆಲ್ಲ ಒಟ್ಟಿಗೇ "ಯಪ್ಪಾ, ಯವ್ವಾ" ಎಂದು ಬಾಯಿ ಮಾಡಿದರು. ಖಾಲಿ ಜಾಕೀಟು ಒಂದು ಕಡೆ, ನೀರಿನ ಮೇಲೆ ಎತ್ತಿದ ಕೈ ಒಂದು ಕಡೆ. ಅವರಿಗೆ ಬೇರೇನು ಅನಿಸಬೇಕು? ಇವರು ಆ ತನಕ ದೋಣಿಯ ಆ ಬದಿಗೆ ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದರಂತೆ. ಕೂಗು ಕೇಳಿ ತಿರುಗಿದಾಗ ಇವರಿಗೆ ಕಂಡದ್ದು ನನ್ನ ಕೈ ಒಂದೇ.

ನಾನು ನಾಲ್ಕು ಬೀಸಿಗೆ ದೋಣಿಯ ಹತ್ತಿರ ಬಂದೆ. ಮೆಟ್ಟಿಲು ಹತ್ತುವುದರೊಳಗೆ ಇವರು ಬಗ್ಗಿ ನನ್ನ ಆ ಮುಷ್ಟಿಯನ್ನೇ ಹಿಡಿದು ಜಗ್ಗಿದರು. ರಟ್ಟೆ ಕಿತ್ತುಬರುವ ಹಾಗೆ ಜಗ್ಗಿದರು. ಮುಷ್ಟಿ ಬಿಚ್ಚಿ ಮರಳೆಲ್ಲ ನೀರಿಗೆ ಸುರಿದು ಹೋಯಿತು. ನನ್ನ ಮೊಣಕಾಲು ದೋಣಿಯ ಅಂಚಿಗೆ ತರಚಿ ರಕ್ತ ಬಂತು. ಯಾರೋ ಟವೆಲ್ ಹೊದಿಸಿದರು, ಯಾರೋ ಅಂಗಾಲು ತಿಕ್ಕಿದರು. ಗೈಡು, ಜಾಕೀಟು ಯಾಕೆ ಬಿಚ್ಚಿದಿರಿ, ನನ್ನ ಕೆಲಸ ಹೋಗುತ್ತದೆ ಎಂದು ಒದರಾಡಿದ. ಅವನ ಸಿಟ್ಟು ನ್ಯಾಯದ್ದು.

"ನಾ ಮುಳುಗಿಲ್ರಿ. ತಳಾ ಮುಟ್ಟಿ ಬಂದೆ" ಎಂದೆ.

"ಗಾಬರಿ ಆಗ್ಯಾಳ. ಮಾತಾಡಸಬ್ಯಾಡ್ರಿ ಆಕಿನ್ನ" ಎಂದರು ಇವರು. ಅಂಗೈ ತೆರೆದು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ನಾಲ್ಕು ಕಾಳು ಮರಳು. ಅದನ್ನು ಯಾರಿಗೆ ತೋರಿಸುವುದು?

ಒಂದು ಮಾತು ಹೇಳಲೇಬೇಕು. ಈಜು ಬಾರದ ಮನುಷ್ಯ ಅಷ್ಟು ಹೊರಗೆ ಬಗ್ಗಿದ್ದು ನಾಟಕವಲ್ಲ. ಅದು ನನಗೆ ಗೊತ್ತಿದೆ, ಮತ್ತು ಅದು ಗೊತ್ತಿರುವುದರಿಂದಲೇ ನನ್ನ ಸಿಟ್ಟಿಗೆ ಎಲ್ಲೂ ದಾರಿ ಸಿಗುವುದಿಲ್ಲ. ಸುಳ್ಳೇ ಆಗಿದ್ದರೆ ಜಗಳ ತೆಗೆಯಬಹುದಿತ್ತು. ಸಂಜೆ ಕೋಣೆಯಲ್ಲಿ ಸಮಾಧಾನದಿಂದ ಎಲ್ಲ ಬಿಡಿಸಿ ಹೇಳಿದೆ. ಕಾಕಾ, ಬುರುಡೆ, ಕೆಸರು, ಮುಷ್ಟಿ. ಇವರು ಹಾಸಿಗೆಯ ಮೇಲೆ ಅಡ್ಡಾಗಿ ಕೇಳಿ, "ಮುಳುಗಿ ಬಂದಾವರು ಎಲ್ಲಾರೂ ಹಿಂಗಽ ಅಂತಾರ. ನಾಚಿಕಿ ಏನೈತಿ ಅದ್ರಾಗ? ನಾ ಇದ್ದೆನಲ್ಲ" ಎಂದರು. ಪ್ರೀತಿಯಿಂದಲೇ ಎಂದರು. ನನಗೆ ಆ ಪ್ರೀತಿಯನ್ನು ಎತ್ತಿ ಒಗೆಯಬೇಕು ಅನಿಸಿತು.

ಊರಿಗೆ ಬರುವುದರೊಳಗೆ ಕಥೆ ನಮಗಿಂತ ಮೊದಲೇ ಬಂದಿತ್ತು. ಹೇಳುತ್ತ ಹೇಳುತ್ತ ಬೆಳೆಯಿತು. ಮೊದಲು ದೋಣಿಯಿಂದ ಬಗ್ಗಿದ್ದರು, ಆಮೇಲೆ ಅರ್ಧ ಮೈ ನೀರಿಗೆ ಇಳಿಯಿತು, ಈಗೀಗ ಧುಮುಕಿಯೇ ಬಿಟ್ಟಿದ್ದಾರೆ. ನಾನು ಮಧ್ಯೆ ಬಾಯಿ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ತಿಕೋಟಾದ ತೋಟದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದೆ. ಬಂದ ವಾರದಲ್ಲೇ ಅದರ ಸುತ್ತ ತಂತಿ ಬೇಲಿ ಹಾಕಿಸಿದರು. ಬೇಲಿ ಬೇಕಾದದ್ದೇ, ಆ ಹೊಂಡದ ಬದಿ ಜಾರುತ್ತದೆ, ಬಿದ್ದವರಿಗೆ ಹತ್ತಲು ಬರುವುದಿಲ್ಲ. ಆದರೆ ಕಾಯುವ ಆಳಿಗೆ ನನ್ನೆದುರೇ ಹೇಳಿದರು: "ಅಕ್ಕಾರನ್ನ ಈ ಕಡೆ ಬಿಡಬ್ಯಾಡ. ಅವರಿಗೆ ನೀರಿಂದು ಆಗಿಬರೂದಿಲ್ಲ." ಅವನು ಹೂಂ ಎಂದು ಬೇಲಿಗೆ ಕೀಲಿ ಹಾಕಿದ.

ನಾನು ಪಂಚಮಿ ಹಬ್ಬದ ದಾರಿ ಕಾದೆ. ಪಂಚಮಿಗೆ ತಮ್ಮ ಉಂಡಿ ತೆಗೆದುಕೊಂಡು ನಿಡೋಣಿಯಿಂದ ಬರುತ್ತಾನೆ, ನನ್ನನ್ನು ತವರಿಗೆ ಕರೆಯಲು. ಅವನಿಗೆ ಎಲ್ಲ ಗೊತ್ತು. ಬಾವಿಯಲ್ಲಿ ನನ್ನ ಈಜನ್ನು ನೋಡಿದ ಮನೆಯವರಲ್ಲಿ ಉಳಿದವನು ಅವನೊಬ್ಬನೇ. ಅಪ್ಪ ಅವ್ವ ಹೋಗಿ ಬಹಳ ದಿನವಾಯಿತು. ನಾನು ಏನೂ ವಾದ ಮಾಡಬೇಕಾಗಿಲ್ಲ, ಅವನು ಒಂದು ಮಾತು ಆಡಿದರೆ ಮುಗಿಯಿತು.

ಬಂದ. ಊಟಕ್ಕೆ ಕೂತರು. ಅಂಗಡಿಯ ಇಬ್ಬರು ಸ್ನೇಹಿತರನ್ನೂ ಇವರು ಕರೆದಿದ್ದರು. ನಾನು ಬಡಿಸುತ್ತಿದ್ದೆ. ಅಂದುಕೊಂಡಂತೆ ಇವರು ಕಥೆ ತೆಗೆದರು, ಈ ಸಲ ಧುಮುಕುವ ಕಥೆ. ತಮ್ಮ ಜೋಳದ ಅಳ್ಳು ಬಾಯಿಗೆ ಹಾಕುತ್ತ ಕೇಳುತ್ತಿದ್ದ. ಕಥೆ ಮುಗಿಸಿ ಇವರು, "ನಿಮ್ಮಕ್ಕಗ ಎಷ್ಟ ಧೈರ್ಯ ನೋಡಪಾ. ಈಸಾಕ ಬರದಿದ್ರೂ ಸಮುದ್ರಕ್ಕ ಇಳದ್ಲು" ಎಂದು ನಕ್ಕರು.

ನಾನು ಬಡಿಸುವುದು ನಿಲ್ಲಿಸಿ ತಮ್ಮನ ಎದುರು ನಿಂತೆ. "ಹೇಳೋ. ನನಗ ಈಸಾಕ ಬರತೈತೋ ಇಲ್ಲೋ?"

ತಮ್ಮ ಇವರ ಮುಖ ನೋಡಿದ. ಆಮೇಲೆ ಆ ಇಬ್ಬರ ಮುಖ ನೋಡಿದ. ನಮ್ಮಲ್ಲಿ ಅಕ್ಕನ ಗಂಡನ ಮನೆಯಲ್ಲಿ ಕೂತು, ಅವನ ಅನ್ನ ಉಣ್ಣುತ್ತ, ಅವನ ಮಾತು ಸುಳ್ಳು ಎನ್ನುವ ತಮ್ಮ ಇನ್ನೂ ಹುಟ್ಟಿಲ್ಲ. ನನಗೆ ಅದು ಗೊತ್ತಿರಬೇಕಿತ್ತು.

"ಮಾಮಾ ಹೇಳೂದು ಖರೆ ಐತಿ ಬಿಡಕ್ಕಾ. ಸಣ್ಣಾಕಿದ್ದಾಗಿಂದ ನಿನಗ ನೀರಂದ್ರ ಅಂಜಿಕಿನಽ" ಎಂದ.

ನಾನು ಬಿಡಲಿಲ್ಲ. "ಹಂಗಾರ ನಿನಗ ಈಸು ಕಲಿಸಿದಾವರು ಯಾರೋ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪ ಕಲಿಸಿದ್ನಲ್ಲ" ಎಂದ.

ಇವರು ಇನ್ನೊಂದು ಉಂಡಿ ಹಾಕು ಅವನಿಗೆ ಎಂದರು. ಹಾಕಿದೆ. ನಮ್ಮಪ್ಪನಿಗೆ ಈಜು ಬರುತ್ತಿರಲಿಲ್ಲ. ಈಗ ಅದು ಗೊತ್ತಿರುವುದು ನಮ್ಮಿಬ್ಬರಿಗೇ, ಅದರಲ್ಲಿ ಒಬ್ಬನು ನನ್ನೆದುರು ಕೂತು ಉಂಡಿ ತಿನ್ನುತ್ತಿದ್ದ.